ಗಂಟೆ ಲೆಕ್ಕದ ಕಾರು

ಹಳೇ ಕಾರು ಕೊಳ್ಳುವ ಮಾತು ಎತ್ತಿದರೆ ಭದ್ರಾವತಿಯಲ್ಲಿ ಮೊದಲು ಬರುವ ಪ್ರಶ್ನೆ, 'ಎಷ್ಟು ಓಡಿದೆ?' 1,86,000 ಕಿಲೋಮೀಟರ್ ಎಂದ ಕೂಡಲೇ ಎದುರಿನವರ ಮುಖ ಬದಲಾಗುತ್ತದೆ. ಅದು ಬೆಂಜ್ ಎಂದೂ ಸೇರಿಸಿದರೆ, ನಮ್ಮ ಹಿತ ಬಯಸುವವರಾದ್ದರಿಂದ, ಕುರ್ಚಿ ಹತ್ತಿರ ಎಳೆದುಕೊಂಡು ಬುದ್ಧಿ ಹೇಳಲು ಕೂರುತ್ತಾರೆ. 'ಅಷ್ಟು ಓಡಿದ ಮೇಲೆ ಅದರಲ್ಲಿ ಇನ್ನೇನು ಉಳಿದಿರುತ್ತೆ ಮಾರಾಯ?' ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ನನ್ನ ಕೈಲಿರುವುದು ಕಾರ್ಖಾನೆ ಬಿಡುವಾಗ ಬಂದ ವಿಆರ್‌ಎಸ್ ದುಡ್ಡಿನಲ್ಲಿ ಉಳಿದ ಭಾಗ. ಅದು ಇನ್ನೊಂದು ಸಲ ಬರುವ ದುಡ್ಡಲ್ಲ.

ಗಾಡಿ ತರೀಕೆರೆ ಕಡೆಯ ತೋಟದವರದು. 2014ರ ಮರ್ಸಿಡಿಸ್ ಬೆಂಜ್ ಇ 250 ಸಿಡಿಐ, ಬೆಳ್ಳಿ ಬಣ್ಣ, ಸಿಂಗಲ್ ಓನರ್. ಹೊಸದಾಗಿದ್ದಾಗ ಷೋರೂಮಿನ ಬೆಲೆಯೇ 45 ಲಕ್ಷದ ಆಸುಪಾಸು. 20 ಲಕ್ಷ ಮೀರಿದ ಕಾರಿಗೆ ನಮ್ಮ ರಾಜ್ಯ ಹಾಕುವ ಶೇ 18ರ ಜೀವಿತಾವಧಿ ತೆರಿಗೆ ಅದರ ಮೇಲೆ. ಈಗ ಒಂಬತ್ತೂವರೆ ಲಕ್ಷಕ್ಕೆ ಕೊಡುತ್ತೇನೆ ಎನ್ನುತ್ತಾರೆ. ಆ ದುಡ್ಡಿಗೆ ಹೊಸ ಸ್ವಿಫ್ಟ್ ಮನೆ ಮುಂದೆ ಬಂದು ನಿಲ್ಲುತ್ತದೆ, ವಾರಂಟಿ ಸಮೇತ. ಮನೆಯಾಕೆ ಹೇಳುವುದೂ ಅದನ್ನೇ, ಮತ್ತು ಅವಳ ಮಾತಿನಲ್ಲಿ ತೂಕವಿದೆ.

ಆದರೆ ಯಂತ್ರದ ವಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವುದನ್ನು ನಾನು ಕಲಿಯಲೇ ಇಲ್ಲ. ನಾನು ಮೈಸೂರು ಪೇಪರ್ ಮಿಲ್ಸ್‌ನ, ಅಂದರೆ ನಮ್ಮೂರಿನ ಎಂಪಿಎಂನ, ಮೆಕ್ಯಾನಿಕಲ್ ಮೇಂಟೆನೆನ್ಸ್‌ನಲ್ಲಿ ಇದ್ದವನು. ಮೈಸೂರು ಸಂಸ್ಥಾನದ ಕಾಲದಲ್ಲಿ, 1936ರಲ್ಲಿ, ಹುಟ್ಟಿದ ಆ ಕಾರ್ಖಾನೆಯಲ್ಲಿ ಪಂಪು, ಬೇರಿಂಗು, ಗೇರ್‌ಬಾಕ್ಸು ಎಲ್ಲಕ್ಕೂ ಗಂಟೆ ಲೆಕ್ಕ. ಇಷ್ಟು ಗಂಟೆಗೆ ಗ್ರೀಸು, ಇಷ್ಟು ಗಂಟೆಗೆ ಆಯಿಲು, ಇಷ್ಟು ಗಂಟೆಗೆ ಬಿಚ್ಚಿ ನೋಡುವುದು. ಶಿಫ್ಟು ಮುಗಿಸುವವನು ಲಾಗ್ ಬುಕ್ಕಿನಲ್ಲಿ ಬರೆದು ಹೋಗಬೇಕು, ಬರುವವನು ಓದಿಯೇ ಒಳಗೆ ಕಾಲಿಡಬೇಕು. ಹೊಸ ಯಂತ್ರವೋ ಹಳೆಯದೋ ಎಂದು ನಾವು ಯಾರೂ ಕೇಳುತ್ತಿರಲಿಲ್ಲ. ಎಷ್ಟು ಗಂಟೆ ಓಡಿದೆ, ಕೊನೆಯ ಸಲ ಯಾರು ನೋಡಿದ್ದು ಎಂದು ಕೇಳುತ್ತಿದ್ದೆವು.

ಅದೇ ಅಭ್ಯಾಸದಿಂದ ಈ ಕಾರಿನ ಲೆಕ್ಕ ಹಾಕಿದೆ. ತೋಟದವರಿಗೆ ಬೆಂಗಳೂರಿನಲ್ಲಿ ವ್ಯವಹಾರ. ಹೋಗಿ ಬರಲು 480 ಕಿಲೋಮೀಟರ್ ಹಿಡಿಯಿರಿ, ವರ್ಷಕ್ಕೆ ನಲವತ್ತು ಸಲ. ಹತ್ತು ವರ್ಷಕ್ಕೆ 1,92,000. ಮೀಟರಿನಲ್ಲಿ ಇರುವುದಕ್ಕೆ ಇದು ಹತ್ತಿರವೇ ಬಂತು. ಕಡೂರು, ಅರಸೀಕೆರೆ, ತಿಪಟೂರು ಹಾದು ಬಿ.ಎಚ್. ರಸ್ತೆಯಲ್ಲಿ ಸರಾಸರಿ 60ರ ವೇಗ ಎಂದರೆ 1,86,000 ಕಿಲೋಮೀಟರಿಗೆ 3,100 ಗಂಟೆ. ಇನ್ನು ಬೆಂಗಳೂರಿನ ಒಳಗೇ ಓಡಾಡಿದ, 'ಬರೀ 62,000 ಓಡಿದೆ ಸಾರ್' ಎಂದು ತೋರಿಸುವ ಕಾರನ್ನು ತೆಗೆದುಕೊಳ್ಳಿ. ಸಿಲ್ಕ್ ಬೋರ್ಡಿನಲ್ಲಿ ನಿಂತು ನಿಂತು ಹೋಗುವ ಗಾಡಿಗೆ ಗಂಟೆಗೆ 20 ಕಿಲೋಮೀಟರ್ ಎಂದರೂ ಅದರ ಎಂಜಿನ್ ಓಡಿರುವುದು 3,100 ಗಂಟೆಯೇ. ಎರಡೂ ಒಂದೇ ವಯಸ್ಸಿನವು. ಅಷ್ಟೇ ಅಲ್ಲ, ಸಿಟಿಯ ಕಾರು ಆ ಗಂಟೆಗಳಲ್ಲಿ ಹೆಚ್ಚು ಸಲ ಸ್ಟಾರ್ಟ್ ಆಗಿದೆ, ಹೆಚ್ಚು ಸಲ ಗೇರ್ ಬದಲಿಸಿದೆ, ಹೆಚ್ಚು ಸಲ ಬ್ರೇಕ್ ಹಾಕಿದೆ, ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಎಷ್ಟೋ ಸಲ ಆಫ್ ಆಗಿದೆ. ಡೀಸೆಲ್ ಎಂಜಿನ್ನಿಗೆ ಇದಕ್ಕಿಂತ ಕೆಟ್ಟ ಬದುಕು ಇನ್ನೊಂದಿಲ್ಲ. ಮಸಿ ಕಟ್ಟುವುದು ಅಲ್ಲೇ.

3,100 ಗಂಟೆ ಎಂದರೆ ಹಗಲು ರಾತ್ರಿ ಓಡುವ ಕಾಗದದ ಯಂತ್ರಕ್ಕೆ ನಾಲ್ಕು ತಿಂಗಳು ಚಿಲ್ಲರೆ ದಿನದ ಕೆಲಸ. ನಿಜ, ಅದೂ ಇದೂ ಬೇರೆ ಬೇರೆ ಜಾತಿಯ ಯಂತ್ರಗಳು. ಆದರೂ ಈ ಸಂಖ್ಯೆ ಕಣ್ಣ ಮುಂದೆ ಬಂದ ಮೇಲೆ ನನ್ನ ಹೆದರಿಕೆಯ ದಿಕ್ಕೇ ಬದಲಾಯಿತು. ಓಟಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಓಡಿದಾಗ ನೋಡಿಕೊಳ್ಳದಿದ್ದುದಕ್ಕೆ. ಅದಕ್ಕಿಂತ ಹೆಚ್ಚಾಗಿ, ಓಡದೆ ನಿಂತದ್ದಕ್ಕೆ.

ನಿಂತ ಯಂತ್ರ ಹೇಗೆ ಹಾಳಾಗುತ್ತದೆ ಎಂಬುದನ್ನು ನಮ್ಮೂರಿನವರಿಗೆ ಬೇರೆ ಯಾರೂ ಕಲಿಸಬೇಕಿಲ್ಲ. ಸ್ಟ್ಯಾಂಡ್‌ಬೈ ಪಂಪು ಇದ್ದರೆ ಅದರ ಶಾಫ್ಟನ್ನು ಆಗಾಗ ಕೈಯಿಂದ ಕಾಲು ಸುತ್ತು ತಿರುಗಿಸಿ ಇಡುತ್ತಿದ್ದೆವು. ಇಲ್ಲದಿದ್ದರೆ ಭಾರವೆಲ್ಲ ಬೇರಿಂಗಿನ ಒಂದೇ ಜಾಗದ ಮೇಲೆ ಕೂತು ಅಲ್ಲಿ ಗುಳಿ ಬೀಳುತ್ತದೆ. ಸೀಲಿನ ರಬ್ಬರು ಒಂದೇ ಕಡೆ ಒತ್ತಿ ಗಟ್ಟಿಯಾಗುತ್ತದೆ. 2015ರ ಕೊನೆಗೆ ಎಂಪಿಎಂ ನಿಂತಿತು. ನಾಡಿನ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಸುತ್ತಿ ಕಳಿಸುತ್ತಿದ್ದ ಯಂತ್ರಕ್ಕೆ ಕಾಲು ಸುತ್ತು ತಿರುಗಿಸುವ ಕೈಗಳೂ ಇಲ್ಲವಾದವು. ನಮ್ಮ ಮೇಂಟೆನೆನ್ಸಿನವರು ಆ ಗೇಟಿನ ಮುಂದೆ ಹೋಗುವಾಗ ಮಾತು ನಿಲ್ಲಿಸುತ್ತೇವೆ. ಎಲ್ಲೆಲ್ಲಿ ತುಕ್ಕು ಹಿಡಿಯುತ್ತಿರಬಹುದು ಎಂದು ನಮಗೆ ಒಂದೊಂದು ಜಾಗವೂ ಗೊತ್ತು.

ಆದ್ದರಿಂದಲೇ ಮೀಟರಿನಲ್ಲಿ ಕಡಿಮೆ ತೋರಿಸುವ, ದೂರದಿಂದ ಬರುವ ಕಾರುಗಳು ನನಗೆ ಬೇಡವೆನಿಸಿದವು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಅಲ್ಲಿಂದ ದೊಡ್ಡ ದೊಡ್ಡ ಕಾರುಗಳು ಎನ್‌ಒಸಿ ಹಿಡಿದು ದಕ್ಷಿಣಕ್ಕೆ ಇಳಿಯತೊಡಗಿದವು. ಬೆಲೆ ಕೇಳಿದರೆ ಆಸೆಯಾಗುತ್ತದೆ. ಇಲ್ಲಿಗೆ ತಂದ ಮೇಲೆ ವಯಸ್ಸಿಗೆ ತಕ್ಕಂತೆ ನಮ್ಮ ರಾಜ್ಯದ ತೆರಿಗೆ ಕಟ್ಟಬೇಕು, ಶಿವಮೊಗ್ಗದ ಆರ್‌ಟಿಒದಲ್ಲಿ ಕೆಎ 14ರ ನಂಬರು ಮಾಡಿಸಬೇಕು. ಅದೆಲ್ಲ ಆದೀತು. ಅದು ಎಲ್ಲಿ, ಎಷ್ಟು ತಿಂಗಳು, ಯಾರ ಕಾಂಪೌಂಡಿನಲ್ಲಿ ಸುಮ್ಮನೆ ನಿಂತಿತ್ತು ಎಂಬುದನ್ನು ಹೇಳುವವರು ಯಾರು?

ಇನ್ನೊಂದು ಬಗೆ, ನೀರು ಕುಡಿದ ಕಾರು. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಯಮಲೂರಿನ ಕಡೆ ಕೋಟಿ ಬೆಲೆಯ ಕಾರುಗಳು ಬಾನೆಟ್ ಮುಳುಗಿ ನಿಂತಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಹಾಗೆ ಮುಳುಗಿದ ಗಾಡಿ ತೊಳೆದು, ಒಣಗಿಸಿ, ಸುಗಂಧ ಹೊಡೆದು ಮಾರುಕಟ್ಟೆಗೆ ಬರುವುದುಂಟು. ಅಂಥದ್ದನ್ನು ಕಂಡುಹಿಡಿಯಲು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಅದರ ಬುಡದಲ್ಲಿ ಕೆಸರಿನ ಗೆರೆ ಇದೆಯೇ ನೋಡಬೇಕು. ಸೀಟಿನ ಕೆಳಗಿನ ಹಳಿಗೆ ಕೈಯಾಡಿಸಿ ತುಕ್ಕು ಹುಡುಕಬೇಕು. ತರೀಕೆರೆಯ ಕಾರಿನಲ್ಲಿ ಎರಡನ್ನೂ ನೋಡಿದೆ. ಶುದ್ಧವಾಗಿತ್ತು.

ಮೀಟರ್ ತಿರುಗಿಸಿದ್ದಾರೋ ಎಂಬ ಅನುಮಾನ ಸಹಜ. ಡಿಜಿಟಲ್ ಮೀಟರನ್ನೂ ಹಿಂದಕ್ಕೆ ಒಯ್ಯುವವರಿದ್ದಾರೆ. ಆದರೆ ಈ ದರ್ಜೆಯ ಕಾರುಗಳಲ್ಲಿ ಓಡಿದ ಲೆಕ್ಕ ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಇರುವುದಿಲ್ಲ, ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ ಕೂತಿರುತ್ತದೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಸ್ಕ್ಯಾನರ್ ಇಟ್ಟುಕೊಂಡ ಒಬ್ಬ ಹುಡುಗನಿದ್ದಾನೆ, ಎಂಜಿನ್ನಿನ ಸದ್ದಿಗೆ ಕಿವಿ ಕೊಡುವುದನ್ನೂ ಬಲ್ಲವನು. ಅವನು ಕೇಬಲ್ ಹಾಕಿ ಓದಿದ. ಎಲ್ಲ ಕಡೆ ಒಂದೇ ಮಾತು ಬಂತು. ತೋಟದವರು ಇಟ್ಟ ಸರ್ವಿಸ್ ಬಿಲ್ಲುಗಳ ಕಂತೆಯಲ್ಲಿ ಕಿಲೋಮೀಟರುಗಳು ಮೆಟ್ಟಿಲು ಹತ್ತಿದ ಹಾಗೆ ಏರುತ್ತಾ ಬಂದಿದ್ದವು, ನಡುವೆ ಎಲ್ಲೂ ಹಾರಿಲ್ಲ. ಆ ಬಿಲ್ಲುಗಳನ್ನು ನಾನು ಒಂದು ಮಧ್ಯಾಹ್ನ ಪೂರ್ತಿ ಓದಿದೆ. ಪಾಲಿಷ್ ಹೊಡೆಸಿದ ಬಿಲ್ಲು ಎಲ್ಲರ ಹತ್ತಿರವೂ ಇರುತ್ತದೆ. ಗೇರ್‌ಬಾಕ್ಸಿನ ಆಯಿಲು ಬದಲಿಸಿದ ಬಿಲ್ಲು ಇಟ್ಟುಕೊಂಡವರು ಕಡಿಮೆ, ಏಕೆಂದರೆ ಅದು ಕಣ್ಣಿಗೆ ಕಾಣದ ಕೆಲಸ. ಏಳು ಗೇರಿನ ಈ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಜೀವವೇ ಆ ಆಯಿಲು. ಇವರು ಎರಡು ಸಲ ಮಾಡಿಸಿದ್ದರು. ಅದನ್ನು ಕಂಡಾಗ, ಪರಿಚಯವಿಲ್ಲದ ಆ ಮನುಷ್ಯರ ಮೇಲೆ ನನಗೆ ಗೌರವ ಹುಟ್ಟಿತು.

ಇಷ್ಟಾದರೂ ಕಷ್ಟದ ಭಾಗ ಉಳಿದೇ ಇದೆ. ಕಾರಿನ ಬೆಲೆ ಇಳಿದಿದೆ. ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ. ಕೊಳ್ಳುವಾಗ ಸ್ವಿಫ್ಟಿನ ದುಡ್ಡು ಕೊಟ್ಟರೂ ಇಂಜೆಕ್ಟರ್ ಕೆಟ್ಟಾಗ ತೆರುವುದು 45 ಲಕ್ಷದ ಕಾರಿನ ಇಂಜೆಕ್ಟರಿನ ಬೆಲೆಯನ್ನೇ. ಹೆಚ್ಚಿನವರು ಸೋಲುವುದು ಇಲ್ಲೇ. ಅದರಲ್ಲೂ ಈ 2,143 ಸಿಸಿ ಎಂಜಿನ್ನಿನ ಟೈಮಿಂಗ್ ಚೈನು ಮುಂದೆ ಇಲ್ಲ, ಹಿಂದೆ ಗೇರ್‌ಬಾಕ್ಸಿನ ಕಡೆಗಿದೆ. ಬದಲಿಸಬೇಕಾಗಿ ಬಂದರೆ ಚೈನಿನ ಬೆಲೆಗಿಂತ ಬಿಚ್ಚಿ ಕೂಡಿಸುವ ಕೂಲಿಯೇ ದೊಡ್ಡದು. ಅದೇ ಕಾಲದ ಬಿಎಂಡಬ್ಲ್ಯು 520ಡಿಯ ಎಂಜಿನ್ನಿಗೂ ಚೈನು ಹಿಂದೆಯೇ, ಮತ್ತು ಅದು ತುಂಡಾಗುವುದಕ್ಕೆ ಹೆಸರಾದದ್ದು. ಆ ಕಾರಣಕ್ಕೇ ಅದನ್ನು ಮೊದಲೇ ಕೈಬಿಟ್ಟಿದ್ದೆ. ಬೆಂಜಿನ ಚೈನಿನ ಸ್ಥಿತಿ ತಿಳಿಯಲು ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ನನ್ನು ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಪಕ್ಕದಲ್ಲಿರಬೇಕು. ಮಾರುವವರು ಗಾಡಿ ಬಿಸಿ ಮಾಡಿ ಇಟ್ಟಿದ್ದರೆ ಆ ಪರೀಕ್ಷೆ ವ್ಯರ್ಥ. ನಾನು ಹೇಳದೆ ಬೆಳಗಾಗುವ ಹೊತ್ತಿಗೆ ಹೋದೆ. ಬಾನೆಟ್ಟಿನ ಮೇಲೆ ಇಬ್ಬನಿ ಇತ್ತು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಬೇರಿಂಗು ಕೇಳುತ್ತಿದ್ದ ಹಾಗೆಯೇ ಕೇಳಿದೆ. ಮೊದಲ ಕ್ಷಣದಲ್ಲಿ ಗರಗರ ಸದ್ದು ಬರಬಾರದು. ಬರಲಿಲ್ಲ.

ನಮ್ಮ ಕೈಗೆ ಸಿಗದ ಕೆಲಸಗಳೂ ಇವೆ. ಗೇರ್‌ಬಾಕ್ಸಿನೊಳಗಿನ ಎಲೆಕ್ಟ್ರಾನಿಕ್ ತಟ್ಟೆ ಕೆಟ್ಟರೆ ಹೊಸದನ್ನು ಕೂಡಿಸಿದರಷ್ಟೇ ಸಾಲದು, ಅದನ್ನು ಆ ಕಾರಿಗೇ ಕೋಡ್ ಮಾಡಬೇಕು. ಅದಕ್ಕೆ ಮಂಗಳೂರಿಗೋ ಬೆಂಗಳೂರಿಗೋ ಒಯ್ಯಬೇಕೆಂದು ಲೆಕ್ಕ ಹಿಡಿದಿದ್ದೇನೆ. ಮಂಗಳೂರಿಗೆ ಆಗುಂಬೆಯಲ್ಲಿ ಇಳಿಯಬೇಕು. ಹದಿನಾಲ್ಕು ತಿರುವಿನ ಆ ಘಾಟಿಯಲ್ಲಿ ಮಳೆಗಾಲ ಬಂದರೆ ಎಷ್ಟೋ ಸಲ ಭಾರಿ ವಾಹನ ಬಿಡುವುದಿಲ್ಲ. ಕೆಟ್ಟ ಕಾರನ್ನು ಹೊತ್ತ ಲಾರಿ ಬೇರೆ ದಾರಿ ಸುತ್ತಬೇಕಾದೀತು. ಆದ್ದರಿಂದ ಬೆಲೆಯ ಸುಮಾರು ಮೂರನೇ ಒಂದು ಭಾಗ, ಅಂದರೆ ಮೂರು ಲಕ್ಷ, ಬ್ಯಾಂಕಿನಲ್ಲಿ ಬೇರೆ ಇಡದೆ ಈ ಕಾರಿಗೆ ಕೈ ಹಾಕುವುದಿಲ್ಲ ಎಂದು ಮನೆಯಲ್ಲಿ ಮಾತು ಕೊಟ್ಟೆ. ಆರ್‌ಸಿ ಇರುವುದು 2029ರ ತನಕ. ಆಮೇಲೆ ಫಿಟ್‌ನೆಸ್ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಅದನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ.

ಇಷ್ಟೆಲ್ಲ ಮಾಡಿ ಇದೇ ಏಕೆ ಬೇಕು ಎಂದು ಮಗಳು ಫೋನಿನಲ್ಲಿ ಕೇಳಿದಳು. ನೇರವಾಗಿ ಹೇಳಿದೆ. ತರೀಕೆರೆಯಿಂದ ಮಾಚೇನಹಳ್ಳಿ ತನಕ ಓಡಿಸಿ ನೋಡಿದಾಗ, ನೂರರ ವೇಗದಲ್ಲಿ ಎಂಜಿನ್ನು ನಿಮಿಷಕ್ಕೆ 1,500 ಸುತ್ತಿನ ಆಸುಪಾಸಿನಲ್ಲಿ, ಏನೂ ಶ್ರಮವಿಲ್ಲದೆ ತಿರುಗುತ್ತಿತ್ತು. ಹತ್ತು ವರ್ಷದ ಬಾಗಿಲು ಒಂದೇ ಸಲಕ್ಕೆ ಕೂರುತ್ತಿತ್ತು. 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮದು; ಗೇರಿಗೆ, ಆಕ್ಸಲಿಗೆ ಬೇಕಾದ ಮಿಶ್ರಲೋಹದ ಉಕ್ಕು ಇಲ್ಲಿನ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಿಂದ ಹೋಗಿದೆ, ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಎರಕ ಹೊಯ್ಯುವುದು ಇಂದಿಗೂ ನಡೆದಿದೆ. ಚೆನ್ನಾಗಿ ಮಾಡಿದ ಲೋಹದ ವಸ್ತುವನ್ನು ಕೈಯಲ್ಲಿ ಹಿಡಿದರೆ ನಮ್ಮ ಜನಕ್ಕೆ ಗೊತ್ತಾಗುತ್ತದೆ. ಕಾರ್ಖಾನೆ ನಿಂತ ಮೇಲೆ ನನಗೆ ನೋಡಿಕೊಳ್ಳಲು ಒಂದು ಯಂತ್ರವಿಲ್ಲ. ಸ್ವಿಫ್ಟು ಒಳ್ಳೆಯ ಗಾಡಿ, ಆದರೆ ಅದಕ್ಕೆ ನನ್ನ ಅಗತ್ಯವಿಲ್ಲ. ಇದಕ್ಕಿದೆ. ಇದರ ಆಯಿಲು, ಬೆಲ್ಟು, ಫಿಲ್ಟರು, ರಬ್ಬರು ಎಲ್ಲವನ್ನೂ ಗಂಟೆ ಬರೆದಿಟ್ಟು ನೋಡಿಕೊಳ್ಳುವವನು ಬೇಕು. ಸುಮ್ಮನೆ ಕೂತು ಹೋಗಬೇಕೆನ್ನುವವರಿಗೆ ನಾನೇ ಸ್ವಿಫ್ಟ್ ತೆಗೆದುಕೊಳ್ಳಿ ಎನ್ನುತ್ತೇನೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ತಗೋ ಅಪ್ಪಾ' ಎಂದಳು. ಮನೆಯಾಕೆ ಒಂದು ಷರತ್ತು ಹಾಕಿದಳು: ಮೂರು ಲಕ್ಷದ ಠೇವಣಿ ಅವಳ ಹೆಸರಿನಲ್ಲಿರಬೇಕು. ಒಪ್ಪಿದೆ.

ಬೆಲೆ ಒಂಬತ್ತಕ್ಕೆ ಇಳಿದಿದೆ. ತೋಟದವರು ದೀಪಾವಳಿ ಕಳೆದ ಮೇಲೆ ಒಯ್ಯಿರಿ ಎಂದರು. ನಾನು ಬೇಡವೆಂದೆ, ಜುಲೈನಲ್ಲೇ ಬೇಕು ಎಂದೆ. ಸನ್‌ರೂಫಿನ ನೀರು ಇಳಿಯುವ ಸಣ್ಣ ಕೊಳವೆಗಳಲ್ಲಿ ಎಲೆ ಕಸ ಕಟ್ಟಿಕೊಂಡಿದ್ದರೆ ಒಳಗಿನ ಕಾರ್ಪೆಟ್ಟು ಒದ್ದೆಯಾಗುತ್ತದೆ, ಅದರಡಿಯ ವೈರಿಂಗಿನ ಜೋಡಣೆಗಳಿಗೆ ಹಸಿರು ಕಿಲುಬು ಹತ್ತುತ್ತದೆ. ಅದು ಬೇಸಿಗೆಯಲ್ಲಿ ಗೊತ್ತಾಗುವ ರೋಗವಲ್ಲ. ಜಡಿಮಳೆಯಲ್ಲಿ ಒಂದು ರಾತ್ರಿ ಹೊರಗೆ ನಿಲ್ಲಿಸಿ, ಬೆಳಿಗ್ಗೆ ಕಾರ್ಪೆಟ್ಟಿನ ಕೆಳಗೆ ಕೈ ಹಾಕಿ ನೋಡುತ್ತೇನೆ. ಒಣಗಿದ್ದರೆ ಅಂದೇ ಫಾರಂ 29, 30ಕ್ಕೆ ಸಹಿ; ಇನ್ಶೂರೆನ್ಸ್ ನನ್ನ ಹೆಸರಿಗೆ ಮಾಡಿಸಲು ಹದಿನಾಲ್ಕು ದಿನ ಸಮಯವಿದೆ, ಅಷ್ಟು ಬೇಕಾಗುವುದಿಲ್ಲ.