ಅಪ್ಪನ ಜನತಾ

ಹೊಸೂರಿನಲ್ಲಿ ಕೈಗಡಿಯಾರದ ಮಾತು ಬಂದರೆ ಎರಡು ಕಾರ್ಖಾನೆಗಳ ನೆನಪು ಬರುವುದು ಸಹಜ. ಒಂದು, 1980ರ ದಶಕದಲ್ಲಿ ನಮ್ಮೂರಿನಲ್ಲೇ ತಲೆಯೆತ್ತಿದ ಟೈಟಾನ್. ಇನ್ನೊಂದು, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಗಡಿಯಾಚೆಯ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಮೊದಲನೆಯದು ಊರಿಗೆ ಸಂಬಳ ತಂದಿತು. ಎರಡನೆಯದು ಅದಕ್ಕೂ ಬಹಳ ಮುಂಚೆಯೇ ನಮ್ಮ ಹಿರಿಯರ ಮಣಿಕಟ್ಟನ್ನು ಏರಿ ಕುಳಿತಿತ್ತು. ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಆದರೆ ಕೀಲಿ ಕೊಡುವ ಆ ವಾಚುಗಳು ಇಂದಿಗೂ ಎಷ್ಟೋ ಮನೆಗಳ ಕಪಾಟಿನಲ್ಲಿ ನಿಂತ ಮುಳ್ಳುಗಳೊಡನೆ ಮಲಗಿವೆ.

ನಮ್ಮ ಮನೆಯಲ್ಲಿದ್ದುದು ಜನತಾ. ಡೆಂಕಣಿಕೋಟೆ ರಸ್ತೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ ಅದನ್ನು ನಿವೃತ್ತಿಯವರೆಗೂ, ಆಮೇಲೂ, ಕಟ್ಟಿದರು. ಅವರು ಹೋದ ಮೇಲೆ ಅದು ಅಮ್ಮನ ಟ್ರಂಕಿನಲ್ಲಿ ಹನ್ನೊಂದು ವರ್ಷ ಇತ್ತು. ಅಂಗಡಿಗಳಲ್ಲಿ ವಿಚಾರಿಸಿದರೆ ಬ್ಯಾಟರಿ ಹಾಕುವವರು ಸಿಕ್ಕರು, ಬಿಚ್ಚಿ ನೋಡುವವರು ಸಿಗಲಿಲ್ಲ. ಬ್ಯಾಂಕಿನ ನೌಕರಿಯಿಂದ ಆಗಷ್ಟೇ ಬಿಡುಗಡೆ ಹೊಂದಿದ್ದ ನಾನು, ಹಾಗಾದರೆ ನಾನೇ ಕಲಿಯುತ್ತೇನೆ ಎಂದು ಹೊರಟೆ.

ಕಲಿಸಿದವರು ಬಜಾರಿನ ಮೂಲೆಯಲ್ಲಿ ನಲವತ್ತು ವರ್ಷ ರಿಪೇರಿ ಮಾಡಿ, ಕೈ ನಡುಕ ಬಂದ ಮೇಲೆ ಪೆಟ್ಟಿಗೆ ಮುಚ್ಚಿದ್ದ ಹಿರಿಯರು. ಅವರ ಮಾತಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಡಬ್ಬಿಯ ತಿರುಪುಗಳಂತೆ ಬೆರೆತಿದ್ದವು. ಅಪ್ಪನ ವಾಚನ್ನು ಮುಂದಿಟ್ಟಾಗ ಅವರು ಅದನ್ನು ಮುಟ್ಟಲೇ ಇಲ್ಲ. "ಮೇಷ್ಟ್ರ ವಾಚು ಹಾಗೇ ಇರಲಿ ಸಾರ್. ಮೊದಲು ಸತ್ತ ಮಿಷನ್ನುಗಳ ಮೇಲೆ ಕೈ ಕೂರಲಿ" ಎಂದು, ಹಾಳಾದ ಎಚ್.ಎಂ.ಟಿ. ಯಂತ್ರಗಳಿದ್ದ ಒಂದು ಬಿಸ್ಕತ್ತಿನ ಡಬ್ಬಿಯನ್ನು ಕೈಗಿತ್ತರು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕವನ್ನು ನಾನು ಕಂಡಿಲ್ಲ.

ಸಲಕರಣೆಗೆ ದೊಡ್ಡ ಹಣ ಬೇಕಾಗಲಿಲ್ಲ. ಕಣ್ಣಿಗೆ ಸಿಕ್ಕಿಸುವ ಮಸೂರ, ಮೊನಚಾದ ಎರಡು ಚಿಮಟ, ಸಣ್ಣ ಸ್ಕ್ರೂಡ್ರೈವರುಗಳು, ಗಾಳಿ ಊದುವ ರಬ್ಬರ್ ಬುರುಡೆ, ಯಂತ್ರವನ್ನು ಹಿಡಿದಿಡುವ ಚೌಕಟ್ಟು. ಅಗ್ಗದ ಸ್ಕ್ರೂಡ್ರೈವರಿನ ತುದಿ ಮೆದು. ಅದನ್ನು ಸಾಣೆಕಲ್ಲಿನ ಮೇಲೆ ಮಸೆದು ತಿರುಪಿನ ಗೀರಿಗೆ ಸರಿಯಾಗಿ ಕೂರುವಂತೆ ಮಾಡಿಕೊಳ್ಳಬೇಕು. ಎಣ್ಣೆಯಲ್ಲಿ ಮಾತ್ರ ಜಿಪುಣತನ ಕೂಡದು. ಹೊಲಿಗೆ ಯಂತ್ರದ ಎಣ್ಣೆ ಹರಡಿಹೋಗುತ್ತದೆ; ಕೊಬ್ಬರಿ ಎಣ್ಣೆಯ ಪ್ರಯೋಗ ಮಾಡಿದವರ ಕೆಲಸವೂ ಆ ಡಬ್ಬಿಯಲ್ಲಿ ಅಂಟಂಟಾಗಿ ಸಾಕ್ಷಿ ನುಡಿಯುತ್ತಿತ್ತು. ಚಿಮ್ಮುವ ಸ್ಪ್ರಿಂಗುಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚುವ ಉಪಾಯವೂ ಆ ಹಿರಿಯರದೇ. ಚಿಮ್ಮಿದರೂ ಚೀಲದಲ್ಲೇ ಬೀಳುತ್ತದೆ, ಮನೆಯವರನ್ನೆಲ್ಲ ಕರೆದು ನೆಲ ಗುಡಿಸುವ ಪ್ರಮೇಯವಿಲ್ಲ.

ಅವರ ಮೊದಲ ನಿಯಮ: ಬಿಚ್ಚುವ ಮುನ್ನ ಸ್ಪ್ರಿಂಗಿನ ಬಿಗಿ ಇಳಿಸಬೇಕು. ಕೀಲಿಯ ಗುಂಡಿಯನ್ನು ಬೆರಳಲ್ಲಿ ಹಿಡಿದು, ಒಳಗಿನ ಕೊಕ್ಕೆಯನ್ನು ಸರಿಸಿ, ಗುಂಡಿ ನಿಧಾನವಾಗಿ ಹಿಂದಕ್ಕೆ ತಿರುಗಲು ಬಿಡಬೇಕು. ಸುತ್ತಿಟ್ಟ ಬಲ ಒಳಗಿರುವಾಗಲೇ ಪ್ಯಾಲೆಟ್ ಫೋರ್ಕನ್ನು ತೆಗೆದರೆ ಚಕ್ರಗಳೆಲ್ಲ ಒಮ್ಮೆಗೇ ಓಡಿ, ಕೂದಲಿನಷ್ಟು ತೆಳ್ಳಗಿನ ಅಚ್ಚಿನ ತುದಿಗಳು ಮುರಿಯಬಹುದು. ಆಮೇಲೆ ಮುಳ್ಳುಗಳು, ಡಯಲು, ಬ್ಯಾಲೆನ್ಸ್, ಫೋರ್ಕು, ಕೊನೆಗೆ ಚಕ್ರಗಳ ಸಾಲು. ಪ್ರತಿ ಹಂತಕ್ಕೂ ಒಂದು ಫೋಟೋ. ತೊಳೆದು, ಹರಳುಗಳ ರಂಧ್ರಗಳನ್ನು ಮರದ ಕಡ್ಡಿಯ ತುದಿಯಿಂದ ಶುಚಿ ಮಾಡಿ, ಮತ್ತೆ ಜೋಡಿಸಿ, ಸೂಜಿಮೊನೆಯಷ್ಟು ಎಣ್ಣೆ. ಫೋರ್ಕಿನ ಅಚ್ಚಿಗೆ ಎಣ್ಣೆಯೇ ಇಲ್ಲ. ಅಲ್ಲಿ ಎಣ್ಣೆ ಬಿದ್ದರೆ ಅದರ ಓಟವೇ ಭಾರವಾಗುತ್ತದೆ.

ನಾಲ್ಕು ತಿಂಗಳಲ್ಲಿ ಡಬ್ಬಿಯ ಏಳು ಯಂತ್ರಗಳು ನಡೆದವು. ಈ ಯಂತ್ರ ಗಂಟೆಗೆ 18,000 ಬಾರಿ ಮಿಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಸತ್ತ ಯಂತ್ರಕ್ಕೆ ಬ್ಯಾಲೆನ್ಸ್ ಕೂರಿಸಿದಾಗ ಅದು ತಾನಾಗಿ ತೂಗತೊಡಗುವ ಕ್ಷಣಕ್ಕೆ ನಾನು ಇಂದಿಗೂ ಉಸಿರು ಹಿಡಿದೇ ಕಾಯುತ್ತೇನೆ.

ಆಮೇಲೆ ಅಪ್ಪನ ವಾಚನ್ನು ತೆರೆದೆ. ಎಣ್ಣೆ ಒಣಗಿ ಕಂದಾಗಿತ್ತು. ಅದು ದೊಡ್ಡ ಮಾತಲ್ಲ. ಆದರೆ ಬ್ಯಾಲೆನ್ಸಿನ ಅಚ್ಚು ಮುರಿದಿತ್ತು. ಹೊಸ ಅಚ್ಚನ್ನು ಹೊಡೆದು ಕೂರಿಸುವುದಕ್ಕೆ ಬೇರೆಯೇ ಉಪಕರಣ, ಬೇರೆಯೇ ಕೈ ಬೇಕು. ಇದ್ದ ದಾರಿ ಒಂದೇ: ಡಬ್ಬಿಯಲ್ಲಿದ್ದ ಅದೇ ಮಾದರಿಯ ಯಂತ್ರದಿಂದ ಹೇರ್‌ಸ್ಪ್ರಿಂಗ್ ಸಹಿತ ಇಡೀ ಬ್ಯಾಲೆನ್ಸನ್ನು ತೆಗೆದು ಇದಕ್ಕೆ ಹಾಕುವುದು. ಎರಡು ದಿನ ಸುಮ್ಮನೆ ಕುಳಿತೆ. ಮಿಡಿಯುವ ಭಾಗವೇ ಬೇರೆಯವರದಾದ ಮೇಲೆ ಅದು ಅಪ್ಪನ ವಾಚು ಹೇಗಾದೀತು? ಯಾರೋ ಅಪರಿಚಿತರ ಕೈಯಲ್ಲಿ ತಿರುಗಿದ್ದ ಚಕ್ರವದು.

ಅಮ್ಮನನ್ನು ಕೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. "ನಿಮ್ಮಪ್ಪ ಎಷ್ಟು ಸಲ ಪಟ್ಟಿ ಬದಲಾಯಿಸಿದ್ದರು, ಗಾಜು ಬದಲಾಯಿಸಿದ್ದರು. ಕಣ್ಣಿಗೆ ಆಪರೇಷನ್ ಆಗಿ ಬೇರೆ ಲೆನ್ಸು ಹಾಕಿಸಿಕೊಂಡು ಬಂದಾಗ ನಾನೇನು ಅವರನ್ನು ಮನೆಗೆ ಸೇರಿಸಲಿಲ್ಲವೇನೋ? ಓಡಿಸು ಅದನ್ನ."

ಓಡಿಸಿದೆ. ಮೊದಲ ದಿನ ಎರಡು ನಿಮಿಷ ಮುಂದಿತ್ತು. ಬ್ಯಾಲೆನ್ಸಿನ ಮೇಲಿನ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸುತ್ತಾ ವಾರದೊಳಗೆ ದಿನಕ್ಕೆ ಇಪ್ಪತ್ತು ಸೆಕೆಂಡಿಗೆ ತಂದೆ. ಮುರಿದ ಬ್ಯಾಲೆನ್ಸನ್ನು ಪುಟ್ಟ ಶೀಷೆಯಲ್ಲಿಟ್ಟು ಅಮ್ಮನ ಟ್ರಂಕಿಗೆ ಹಿಂದಿರುಗಿಸಿದೆ. ರೇಡಿಯೋ ವಾರ್ತೆಯ ಹೊತ್ತಿಗೆ ಸರಿಯಾಗಿ ಹೊಂದಿಸಿ ವಾಚನ್ನು ಅವರ ಅಂಗೈಯಲ್ಲಿಟ್ಟೆ. ಅಮ್ಮ ಅದನ್ನು ಕಿವಿಗೆ ಹಿಡಿದರು, ಆಮೇಲೆ ಗೋಡೆಯ ಗಡಿಯಾರವನ್ನು ನೋಡಿದರು, ಮತ್ತೆ ನನ್ನ ಕೈಗೇ ಕೊಟ್ಟರು.

"ಐದು ನಿಮಿಷ ಮುಂದಿಡು. ಅವರ ಬಸ್ಸು ತಪ್ಪುತ್ತಿತ್ತು."