ಬಾಗಿಲು ಬೇರೆ, ಅಂಗಳ ಒಂದೇ

"ಒಲೆ ಒಂದೇ ಅನ್ನೋದಾದರೆ ನನ್ನ ಹೆಸರು ಈಗಲೇ ಹೊಡೆದು ಹಾಕಿಬಿಡ್ರಿ" ಎಂದು ನಾನು ಅಂದಾಗ, ಕಟ್ಟೆಯ ಮೇಲೆ ಕೂತಿದ್ದ ನಾಲ್ವರೂ ಸುಮ್ಮನಾದರು. ಪುಸ್ತಕ ಹಿಡಿದು ಹೆಸರು ಬರೆಯುತ್ತಿದ್ದ ನನ್ನ ವಾರಗಿತ್ತಿ ಪೆನ್ನು ಕೆಳಗಿಟ್ಟು, "ಅಲ್ಲಕ್ಕಾ, ಈ ಮಾತು ಮೊದಲು ತೆಗೆದೋರೇ ನೀವು. ಈಗ ನೀವೇ ಹಿಂಗಂದ್ರೆ ಹೆಂಗೆ?" ಎಂದಳು.

ಮಾತು ತೆಗೆದವಳು ನಾನೇ, ಸುಳ್ಳಲ್ಲ. ಹರಿಹರ ತಾಲ್ಲೂಕಿನ ಭಾನುವಳ್ಳಿ ನಮ್ಮದು. ಮಕ್ಕಳ ಕಾಲೇಜು ದಾವಣಗೆರೆಯಲ್ಲಿ, ಹಿರಿಯರ ಆಸ್ಪತ್ರೆ ದಾವಣಗೆರೆಯಲ್ಲಿ, ನಮ್ಮ ಅರ್ಧ ಆಯುಷ್ಯ ಬಸ್ಸಿನಲ್ಲಿ! ಗದ್ದೆ ಬಿಟ್ಟು ಹೋಗುವಂತಿಲ್ಲ, ಊರಲ್ಲೇ ಕೂತರೂ ನಡೆಯುವುದಿಲ್ಲ. ಒಂದೊಂದು ಮನೆಯವರೂ ಪೇಟೆಯಲ್ಲಿ ಬೇರೆ ಬೇರೆ ಬಾಡಿಗೆ ಕೊಡುವ ಬದಲು, ನಮ್ಮ ಸ್ತ್ರೀಶಕ್ತಿ ಸಂಘದ ಐದು ಮನೆಯವರು ಸೇರಿ ಅಕ್ಕಪಕ್ಕದ ಎರಡು ಸೈಟು ಕೊಂಡು, ಒಂದೇ ಅಂಗಳಕ್ಕೆ ಮುಖ ಮಾಡಿದ ಐದು ಸಣ್ಣ ಮನೆ ಕಟ್ಟಿಕೊಂಡರೆ ಹೇಗೆ? ಬಿಲ್ಡರು ಕಟ್ಟಿ ಮಾರಿದ್ದನ್ನು ಕೊಳ್ಳುವುದಲ್ಲ. ಎಲ್ಲಿ ಕಿಟಕಿ, ಎಲ್ಲಿ ಬಚ್ಚಲು, ನೀರಿಗೆ ಯಾರು ಎಷ್ಟು ಕೊಡಬೇಕು, ಎಲ್ಲವನ್ನೂ ಅಲ್ಲಿ ಬಾಳುವವರೇ ಕೂತು ಗೊತ್ತು ಮಾಡುವುದು. ಇಷ್ಟು ನನ್ನ ಮಾತು. ಅದಕ್ಕೆ "ಎಲ್ಲರಿಗೂ ಒಂದೇ ಅಡಿಗೆಮನೆ, ಗ್ಯಾಸೂ ಉಳೀತದೆ" ಎಂದು ಗಂಡಸರು ಸೇರಿಸಿದ್ದರು. ಆಗ ನನಗೆ ಬೆಂಕಿ ಬಿದ್ದಂತಾಯಿತು.

ಸೋದರಿಯರೇ, ನಾನು ಮದುವೆಯಾಗಿ ಬಂದದ್ದು 19 ಜನರ ಮನೆಗೆ. 11 ವರ್ಷ ಅಲ್ಲಿ ರೊಟ್ಟಿ ಬಡಿದಿದ್ದೇನೆ. ಬೆಳಗಿನ ಜಾವಕ್ಕೆ ಒಲೆ ಮುಂದೆ ಕೂತರೆ, ಗದ್ದೆಗೆ ಹೋಗುವವರ ಬುತ್ತಿ ಕಟ್ಟಿ, ಮಕ್ಕಳಿಗೆ ಬಡಿಸಿ ಏಳುವಷ್ಟರಲ್ಲಿ ಬಿಸಿಲು ಪಡಸಾಲೆಗೆ ಬಂದಿರುತ್ತಿತ್ತು. ದುಡ್ಡಿನ ಪೆಟ್ಟಿಗೆ ಮಾವನವರ ಹತ್ತಿರ, ಉಗ್ರಾಣದ ಬೀಗದಕೈ ಅತ್ತೆಯವರ ಸೆರಗಿನಲ್ಲಿ. ನನ್ನ ಮಗಳಿಗೆ ಅರ್ಧ ಲೋಟ ಹಾಲು ಹೆಚ್ಚಿಗೆ ಬೇಕಾದರೂ ಕೇಳಿ ಪಡೆಯಬೇಕು. ಒಟ್ಟು ಕುಟುಂಬ ಎಷ್ಟು ಚೆಂದ ಎಂದು ಸಭೆಗಳಲ್ಲಿ ಮಾತಾಡುವವರನ್ನು ಕಂಡರೆ ಇವರು ಆ ಮನೆಯಲ್ಲಿ ಕೂತು ಉಂಡವರೋ, ನಿಂತು ಬಡಿಸಿದವರೋ ಎಂದು ಕೇಳಬೇಕು ಅನ್ನಿಸುತ್ತದೆ.

ಕಡೆಗೆ ಪಾಲಾಯಿತು. ಒಂದು ಮನೆಗೆ ಎರಡು ಗೋಡೆ ಎದ್ದು ಮೂರಾಯಿತು. ಮೈದುನ ಒಬ್ಬ ಬೆಂಗಳೂರು ಸೇರಿದ. ಹೊಸ ಒಲೆ ಹಚ್ಚಿದ ದಿನ ನನಗಾದ ಹಿಗ್ಗು ಹೇಳತೀರದು! ಆದರೆ ಹೋದ ವರ್ಷದ ಹಿಂದಿನ ವರ್ಷ ಏನಾಯಿತು ಕೇಳಿ. ಒಂದು ಮಧ್ಯಾಹ್ನ ಅತ್ತೆಯವರು ಹಿತ್ತಲ ಬಚ್ಚಲಲ್ಲಿ ಜಾರಿ ಬಿದ್ದರು. ನಾನು ಹರಿಹರಕ್ಕೆ ಹೋಗಿದ್ದೆ. ವಾರಗಿತ್ತಿ ಗೋಡೆಯ ಆಚೆಯೇ ಇದ್ದಳು, ಟೀವಿ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದಳಂತೆ. ಅತ್ತೆ ಎರಡು ತಾಸು ಕೂಗಿದ್ದಾರೆ. ಯಾರಿಗೂ ಕೇಳಿಲ್ಲ. ಆ ಗೋಡೆ ಕಟ್ಟಿಸಲು ಎಲ್ಲರಿಗಿಂತ ಹೆಚ್ಚು ಹಟ ಹಿಡಿದವಳು ನಾನು.

ಅವರ ಸೊಂಟದ ಎಲುಬು ಕೂಡಿ ಕೋಲು ಹಿಡಿದು ನಡೆಯುವಂತಾಗುವವರೆಗೆ ದಾವಣಗೆರೆಗೆ ಎಷ್ಟು ಸಲ ತಿರುಗಿದೆವೋ ಲೆಕ್ಕವಿಲ್ಲ. ಆ ತಿರುಗಾಟದಲ್ಲೇ ನನಗೆ ಈ ಯೋಚನೆ ಹೊಳೆದದ್ದು. ಒಂದೇ ಒಲೆಯೂ ಬೇಡ, ಮುಚ್ಚಿದ ಗೋಡೆಯೂ ಬೇಡ.

ಕಾಲೇಜಿನಲ್ಲಿ ಓದುವ ಮಗಳಿಗೆ ಹೇಳಿದೆ. "ಅವ್ವಾ, ಇದು ನೀನೊಬ್ಬಳೇ ಕಂಡ ಕನಸಲ್ಲ" ಎಂದು ಅವಳು ಹುಡುಕಿ ಹುಡುಕಿ ಓದಿ ಹೇಳತೊಡಗಿದಳು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರ ಸಹಕಾರ ಸಂಘ ಕಟ್ಟಿದ್ದು ನಾವು ಶಾಲೆಯಲ್ಲಿ ಓದಿದ್ದೇ. ಮನೆಗೂ ಅಂಥ ಸಂಘ ಇತ್ತೆಂದು ನನಗೆ ಗೊತ್ತಿರಲಿಲ್ಲ. ಕಾರವಾರ, ಕುಮಟಾ, ಹೊನ್ನಾವರ, ಮಂಗಳೂರು ಕಡೆಯಿಂದ ನೌಕರಿಗೆಂದು ಮುಂಬಯಿಗೆ ಹೋದ ಸಾರಸ್ವತರು ಬಾಡಿಗೆಯ ಕಾಟ ತಾಳಲಾರದೆ, ಶ್ರೀಪಾದ ಸುಬ್ರಾವ್ ತಲ್ಮಕಿ ಎಂಬವರ ಮುಂದಾಳುತನದಲ್ಲಿ 1915ರಲ್ಲಿ ಗಾಮದೇವಿಯಲ್ಲಿ ಮನೆಗಳ ಸಹಕಾರ ಸಂಘ ಮಾಡಿದರು. ಕಟ್ಟಡ ಸಂಘದ್ದು, ಸಂಘ ವಾಸಿಸುವವರದ್ದು. ತಾವೇ ಷೇರುದಾರರಾದ ಸಂಘಕ್ಕೆ ತಾವೇ ತಿಂಗಳ ಬಾಡಿಗೆ ಕಟ್ಟುವುದು. ಮಾಲೀಕ ಬಂದು "ನಾಳೆ ಖಾಲಿ ಮಾಡಿ" ಅನ್ನುವ ಮಾತೇ ಇಲ್ಲ. ಅದೇ ಪುಣ್ಯಾತ್ಮರ ಹೆಸರಿನಲ್ಲಿ ತಾರದೇವಿನಲ್ಲಿ ತಲ್ಮಕಿವಾಡಿ ಎಂಬ ಕೇರಿಯೇ ಇದೆ. ಅವರೆಲ್ಲ ಒಂದೇ ಜಾತಿಯವರು, ಒಂದೇ ಊಟದವರು. ನಮ್ಮ ಐದು ಮನೆ ಹಾಗಲ್ಲ. ಅದರ ಕಥೆ ಮುಂದೆ ಹೇಳುತ್ತೇನೆ.

ನನ್ನ ಒಲೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ ಎಲ್ಲೋ ದೂರದ ಡೆನ್ಮಾರ್ಕಿನಿಂದ. ಅಲ್ಲಿ 1964ರಲ್ಲಿ ಕೆಲವು ಗೆಳೆಯರು ಇಂಥದೇ ಕೇರಿ ಕಟ್ಟಲು ಜಾಗ ಕೊಂಡರೆ, ಮಕ್ಕಳ ಗದ್ದಲವಾಗುತ್ತದೆಂದು ನೆರೆಯವರು ತಕರಾರು ತೆಗೆದು ಬಿಡಿಸಿದರಂತೆ. ನೆರೆಯವರು ಎಲ್ಲ ದೇಶದಲ್ಲೂ ಒಂದೇ! ಆಮೇಲೆ 1967ರಲ್ಲಿ ಬೋದಿಲ್ ಗ್ರೋ ಎಂಬ ಹೆಂಗಸು, ಒಂದು ಮಗುವಿಗೆ ನೂರು ಮಂದಿ ತಂದೆತಾಯಿ ಇರಬೇಕು ಎಂಬರ್ಥದ ಲೇಖನವನ್ನು ಪತ್ರಿಕೆಯಲ್ಲಿ ಬರೆದಳು. ಅದನ್ನು ಓದಿ ಕೂಡಿಕೊಂಡವರಿಂದ 1972ರಲ್ಲಿ 27 ಮನೆಗಳ ಕೇರಿ ಎದ್ದಿತು. ಅಂಥ ಕೇರಿಗಳಲ್ಲಿ ಪ್ರತಿ ಮನೆಗೂ ಅದರದೇ ಅಡಿಗೆಮನೆ ಉಂಟು. ಅದಲ್ಲದೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಅಡಿಗೆಮನೆ, ಊಟದ ಕೋಣೆ. ಅಲ್ಲಿ ಸರದಿಯ ಮೇಲೆ ಗಂಡಸರೂ ಬೇಯಿಸಬೇಕು.

ಇದನ್ನು ಕೇಳಿದ ಮೇಲೆ ಪುಸ್ತಕದಲ್ಲಿ ನಾನೇ ಬರೆಸಿದೆ: ಒಲೆ ಮನೆಗೊಂದು. ಕೂಡಿ ಉಣ್ಣುವುದು ವಾರಕ್ಕೆ ಎರಡು ರಾತ್ರಿ. ಸರದಿ ಮನೆಗೆ, ಹೆಂಗಸಿಗಲ್ಲ. "ನಮಗೆ ಅಡಿಗೆ ಬರಲ್ಲ" ಎಂದರು ನಮ್ಮ ಮನೆಯವರು. ದಾವಣಗೆರೆ ಸೀಮೆಯಲ್ಲಿ ಹುಟ್ಟಿ ಮಂಡಕ್ಕಿಗೆ ಒಗ್ಗರಣೆ ಹಾಕಲು ಬಾರದ ಗಂಡಸು ಉಂಟೇನ್ರಿ ಎಂದು ಕೇಳಿದ್ದಕ್ಕೆ ನಕ್ಕು ಒಪ್ಪಿದರು. ಒಪ್ಪಿದ್ದು ಪುಸ್ತಕದಲ್ಲಿದೆ. ಮಾಡುವುದನ್ನು ನೋಡಬೇಕು.

ನೀರಿನ ಮಾತಿಗೆ ನಮಗೆ ಯಾವ ದೇಶದ ಪಾಠವೂ ಬೇಕಾಗಲಿಲ್ಲ. ನಮ್ಮದು ಭದ್ರಾ ನಾಲೆಯ ಕೊನೇ ಭಾಗ. ಮೇಲಿನವರು ತಮ್ಮ ಗದ್ದೆ ತುಂಬಿಸಿಕೊಂಡು ಉಳಿದರೆ ನಮಗೆ. ಆದ್ದರಿಂದ ಒಂದು ಬೋರು, ಒಂದು ಟ್ಯಾಂಕು, ಮನೆಗೊಂದು ಮೀಟರು ಎಂದು ಯಾರೂ ಜಗಳವಾಡದೆ ಬರೆಸಿದರು.

ಸುಗ್ಗಿ ಮುಗಿದು ಕಣ ಖಾಲಿಯಾದಾಗ ಒಂದು ಕೆಲಸ ಮಾಡಿದೆವು. ಪರಿಚಯದ ಇಂಜಿನಿಯರು ಒಂದು ನಕ್ಷೆ ಬರೆದುಕೊಟ್ಟಿದ್ದರು: 40-60ರ ಎರಡು ಸೈಟು ಸೇರಿ 80 ಅಡಿಗೆ 60 ಅಡಿ, ಕೆಳಗೆ ಮೂರು ಮನೆ, ಮೇಲೆ ಎರಡು, ನಡುವೆ ಅಂಗಳ. ಕಾಗದದ ಮೇಲೆ ನಮಗೆ ಏನೂ ತಿಳಿಯಲಿಲ್ಲ. "ರಂಗೋಲಿ ಹಾಕಿ ನೋಡೋಣ್ರೇ" ಎಂದಳು ವಾರಗಿತ್ತಿ. ಹಗ್ಗ ಹಿಡಿದು, ಅಳತೆ ಮಾಡಿ, ರಂಗೋಲಿ ಪುಡಿಯಲ್ಲಿ ಇಡೀ ಮನೆಯನ್ನು ಅದರ ನಿಜವಾದ ಅಳತೆಯಲ್ಲೇ ಕಣದ ತುಂಬ ಬರೆದೆವು. ಗಂಡಸರು ಮೊದಲು ನಕ್ಕರು, ಆಮೇಲೆ ಟೇಪು ತಂದರು. ಬಾಗಿಲಿದ್ದ ಕಡೆ ಗೆರೆ ಬಿಟ್ಟು, ಅಲ್ಲಿಂದಲೇ ಒಳಗೆ ಹೊರಗೆ ಓಡಾಡಿದೆವು. ಕೊಡ ಹೊತ್ತು ನಡೆದು ನೋಡಿದೆವು. ದೊಡ್ಡ ಅಡಿಗೆಮನೆಯನ್ನು ವಾಸ್ತುವಿನಂತೆ ಆಗ್ನೇಯಕ್ಕೇ ಇಟ್ಟಿದ್ದರು, ಇರಲಿ, ಆದರೆ ಅಂಗಳದ ಕಡೆಗೆ ಗೋಡೆ! ಅಲ್ಲಿ ನಿಂತು ಬೇಯಿಸುವವರಿಗೆ ಆಡುವ ಮಕ್ಕಳೂ ಕಾಣರು, ಕೂತ ಮುದುಕರೂ ಕಾಣರು. ಗೆರೆ ಅಳಿಸಿ ಎರಡು ಕಿಟಕಿ ಇಟ್ಟೆವು.

ಅಷ್ಟರಲ್ಲಿ ಅತ್ತೆಯವರು ಕೋಲೂರಿಕೊಂಡು ಬಂದರು. ತಮ್ಮ ಕೋಣೆ ಎಲ್ಲಿ ಎಂದು ಕೇಳಿ ಅದರೊಳಗೆ ಹೋಗಿ ನಿಂತರು. ಅಲ್ಲಿಂದ ಮೆಲ್ಲನೆ ಹೆಜ್ಜೆ ಎಣಿಸುತ್ತ ಹಿಂದಿನ ಮೂಲೆಯ ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಇಲ್ಲಿ ಬಿದ್ದು ಕೂಗಿದ್ರೆ ಯಾರಿಗೆ ಕೇಳಿಸ್ತದವ್ವಾ?" ಎಂದು ನನ್ನ ಮುಖ ನೋಡಿದರು.

ನನ್ನ ಕೈಲಿದ್ದ ಪುಡಿಯ ಡಬ್ಬಿ ಹಾಗೇ ಇತ್ತು. ವಾರಗಿತ್ತಿ ಪೊರಕೆ ತಂದು ಆ ಬಚ್ಚಲನ್ನು ಗುಡಿಸಿ ಹಾಕಿ, ಅಂಗಳದ ಪಕ್ಕಕ್ಕೆ, ಅಡಿಗೆಮನೆಯ ಕಿಟಕಿಗೆ ಕೂಗು ಕೇಳಿಸುವಲ್ಲಿಗೆ ತಂದು ಬರೆದಳು. ಪೈಪಿನ ಖರ್ಚು ಹೆಚ್ಚಾಗುತ್ತದೆ ಎಂದರು ಇಂಜಿನಿಯರು. ಆಗಲಿ ಎಂದೆವು.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಮನೆ ಅವರವರದು, ನೆಲ, ಮೆಟ್ಟಿಲು, ಬೋರು ಒಡೆಯದ ಪಾಲು, ಆ ಪಾಲನ್ನು ಮನೆ ಬಿಟ್ಟು ಬೇರೆ ಮಾರುವಂತಿಲ್ಲ. ಹೀಗೆ ಬರೆದಿಡಲು ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಇದೆ. ಯಾರಾದರೂ ಬಿಟ್ಟು ಹೋಗುವುದಾದರೆ ಮೊದಲು ಉಳಿದ ನಾಲ್ವರನ್ನು ಕೇಳಬೇಕೆಂದು ನಾವು ನಾವೇ ಒಂದು ಕರಾರು ಮಾಡಿಕೊಳ್ಳುತ್ತಿದ್ದೇವೆ. ಸೈಟು ಗಂಡಸರ ಹೆಸರಿಗೆ ಎಂದು ಅವರು ತಾವೇ ಅಂದುಕೊಂಡಿದ್ದರು. ಸಂಘದ ಉಳಿತಾಯವೂ ನಮ್ಮ ಬಳೆಯೂ ಇದರಲ್ಲಿ ಸೇರುತ್ತಿವೆ, ಗಂಡಹೆಂಡತಿ ಇಬ್ಬರ ಹೆಸರೂ ಇರಲಿ ಎಂದೆವು. ಒಂದು ಮನೆಯಲ್ಲಿ ಇದಕ್ಕೆ ಇನ್ನೂ ಮುಖ ಗಂಟಿಕ್ಕಿಕೊಂಡೇ ಇದ್ದಾರೆ.

ಎಲ್ಲದಕ್ಕಿಂತ ಕಷ್ಟವಾದದ್ದು ಬೇರೆ. ಐದರಲ್ಲಿ ಎರಡು ಮನೆಯವರು ಮಾಂಸ ತಿನ್ನುವವರು. ದೊಡ್ಡ ಅಡಿಗೆಮನೆಗೆ ಮಾಂಸ ಬರಕೂಡದು ಎಂದು ನಮ್ಮವರೇ ಯಾರೋ ಅಂದರು, ಎಲ್ಲರೂ ಅದು ತಾನೇ ಸರಿ ಎಂಬಂತೆ ತಲೆಯಾಡಿಸಿದರು. ಆಗ ಅವರಲ್ಲೊಬ್ಬಾಕೆ ತಗ್ಗಿದ ದನಿಯಲ್ಲಿ, "ದುಡ್ಡಿನಾಗೆ ನಂದೂ ಐದರಲ್ಲೊಂದು ಪಾಲಲ್ಲೇನಕ್ಕಾ?" ಎಂದಳು. ಸಂಘದ ದುಡ್ಡನ್ನು ಇಷ್ಟು ವರ್ಷ ಒಂದು ಪೈಸೆ ತಪ್ಪದೆ ಬ್ಯಾಂಕಿಗೆ ಕಟ್ಟಿ ಬಂದವಳು ಅವಳು. ಅವಳು ಹೇಳಿದ್ದು ನ್ಯಾಯ ಎಂದು ನಾನು ಅಂದೆ. ಮನೆಗೆ ಬಂದ ಮೇಲೆ ನಮ್ಮ ಮನೆಯವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟರಾಗದೆ ಎಂದು ಒಬ್ಬರೆಂದರೆ, ನಾವೇನು ಹಿತ್ತಲಲ್ಲಿ ಉಣ್ಣಬೇಕೇ ಎಂದು ಅವಳ ಗಂಡ ಕೇಳಿದ. ಆ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಬಾಯಿಲ್ಲ.

ಲಂಡನ್ನಿನ ಹೈ ಬಾರ್ನೆಟ್ ಎಂಬಲ್ಲಿ 50 ದಾಟಿದ ಹೆಂಗಸರೇ ಸೇರಿ 25 ಮನೆಗಳ ಇಂಥ ಕೇರಿ ಕಟ್ಟಿಕೊಂಡಿದ್ದಾರೆ. 1998ರಲ್ಲಿ ಕೂತು ಮಾತು ಶುರು ಮಾಡಿದವರು ಒಳಗೆ ಕಾಲಿಟ್ಟದ್ದು 2016ರಲ್ಲಿ. ಮಗಳು ಇದನ್ನು ಓದಿ ಹೇಳಿದಾಗ ಅತ್ತೆಯವರು, "18 ವರ್ಷ ಅಂದ್ರೆ ನಾನಿರ್ತೀನೇನೇ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಸೈಟಿನವರಿಗೆ ಇನ್ನೂ ಮುಂಗಡ ಕೊಟ್ಟಿಲ್ಲ. ಆ ಮನೆಯವರು ಯುಗಾದಿಯವರೆಗೆ ಸಮಯ ಕೇಳಿದ್ದಾರೆ. ಅಲ್ಲಿಯವರೆಗೆ ಅವರ ಹೆಸರು ಪುಸ್ತಕದಲ್ಲಿ ಇದ್ದ ಹಾಗೇ ಇರಲಿ ಎಂದು ವಾರಗಿತ್ತಿಗೆ ಹೇಳಿದ್ದೇನೆ. ಮೊನ್ನೆ ಅವಳು ಮಜ್ಜಿಗೆ ಕೇಳಲು ನಮ್ಮ ಮನೆಗೆ ಬಂದಿದ್ದಳು. ಆ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಅತ್ತೆಯವರೇ ಕರೆದು, "ಕೆಳಗಿನ ಮನೆ ನಿಮಗಿರಲವ್ವಾ, ನಿಮ್ಮತ್ತಿಗೂ ಮೆಟ್ಟಿಲು ಹತ್ತಕಾಗಲ್ಲ" ಎಂದರು. ಅವಳು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.