ಎರಡು ದಾರಿ, ಒಂದೇ ಗೌರವ

ಕಳೆದ ಭಾನುವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಬಂದಿದ್ದ. ಈಗ ಆತ ಒಂದು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕ. ಅವನ ಪಾಠ ಕೇಳಲು ಬೇರೆ ವಿಭಾಗದ ಮಕ್ಕಳೂ ಬಂದು ಕೂರುತ್ತಾರೆಂದು ಕೇಳಿ ಹಿಗ್ಗಿದ್ದೆ. ಆದರೆ ಅಂದು ಅವನ ಮುಖ ಬಾಡಿತ್ತು. ಪ್ರಕಟಿತ ಸಂಶೋಧನಾ ಲೇಖನಗಳು ಸಾಲವೆಂದು ಬಡ್ತಿ ಮತ್ತೊಮ್ಮೆ ತಪ್ಪಿತ್ತು. "ಪಾಠ ಚೆನ್ನಾಗಿ ಮಾಡು, ಉಳಿದದ್ದು ತಾನಾಗಿ ಬರುತ್ತದೆ ಎಂದು ನೀವೇ ಹೇಳಿದ್ದಿರಿ, ಸರ್" ಎಂದ. ಆಕ್ಷೇಪದ ದನಿಯಲ್ಲ, ಆದರೂ ನನಗೆ ಚುಚ್ಚಿತು.

2010ರಲ್ಲಿ ಯುಜಿಸಿಯು ಅಧ್ಯಾಪಕರ ಕೆಲಸವನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ ತಂದಿತು. 2018ರ ನಿಯಮಾವಳಿಯಲ್ಲಿ ಕಾಲೇಜು ಅಧ್ಯಾಪಕರ ಬಡ್ತಿಗೆ ಆ ಪದ್ಧತಿಯನ್ನು ಕೈಬಿಟ್ಟರೂ, ವಿಶ್ವವಿದ್ಯಾನಿಲಯದವರ ಪಾಲಿಗೆ ಪ್ರಕಟಣೆಯ ಲೆಕ್ಕ ಉಳಿಯಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಬೋಧನೆಯೇ ಪ್ರಧಾನವಾದ ಕಾಯಂ ಪ್ರಾಧ್ಯಾಪಕ ಹುದ್ದೆಗಳಿವೆ. ಅಂಥ ಪ್ರತ್ಯೇಕ ದಾರಿ ನಮ್ಮಲ್ಲೂ ಏಕಿರಬಾರದು?

ಈ ಮಾತು ಬಂದಾಗಲೆಲ್ಲ ನನಗೆ ಟಿ.ಎಸ್. ವೆಂಕಣ್ಣಯ್ಯನವರು ನೆನಪಾಗುತ್ತಾರೆ. 1997ರವರೆಗೆ ನಮ್ಮ ದಾವಣಗೆರೆಯೂ ಸೇರಿದ್ದ ಚಿತ್ರದುರ್ಗ ಜಿಲ್ಲೆಯ ತಳುಕಿನವರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಅವರು ಬರೆದದ್ದು ಮಿತ, ಬೆಳೆಸಿದ ಶಿಷ್ಯರು ಅನೇಕ. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೇ. ಶಿಷ್ಯನ ಕೃತಿಗೆ ಗುರುವಿನ ಖಾತೆಯಲ್ಲಿ ಎಷ್ಟು ಅಂಕ?

ಹಾಗೆಂದು ಬೋಧನೆಯ ದಾರಿ ಸೋಮಾರಿಗಳ ತಂಗುದಾಣವಾಗಬಾರದು. ಹಳದಿಗಟ್ಟಿದ ಟಿಪ್ಪಣಿಯನ್ನೇ ವರ್ಷವರ್ಷವೂ ಓದಿ ಹೇಳುವವರನ್ನು ನಾವೆಲ್ಲ ಕಂಡಿದ್ದೇವೆ. ವೆಂಕಣ್ಣಯ್ಯನವರೂ ಹರಿಹರನ ರಗಳೆಯನ್ನು ಸಂಪಾದಿಸಿದವರು. ಆ ಅಧ್ಯಯನವೇ ಪಾಠಕ್ಕೆ ನೀರೆರೆಯುವ ಒರತೆ. ಬೋಧಕನೂ ಓದುತ್ತಲೇ ಇರಬೇಕು. ಆದರೆ ಅವನ ಓದನ್ನು ಲೇಖನಗಳ ಸಂಖ್ಯೆಯಿಂದಲೇ ಅಳೆಯಬೇಕಿಲ್ಲ. ದಾರಿ ಎರಡಾದರೂ ಸಂಬಳ, ಬಡ್ತಿ, ಗೌರವ ಸಮನಾಗಿರಬೇಕು. ಒಂದರಿಂದ ಇನ್ನೊಂದಕ್ಕೆ ದಾಟಲು ಬಾಗಿಲೂ ತೆರೆದಿರಬೇಕು. ಇಲ್ಲದಿದ್ದರೆ ಬೋಧಕರು ಎರಡನೆಯ ಪಂಕ್ತಿಯವರಾಗುತ್ತಾರೆ.

ಹೊರಡುವಾಗ ಹೇಳಿದೆ: "ನನ್ನ ಮಾತು ಅರ್ಧ ಮಾತ್ರ ಸರಿಯಾಗಿತ್ತಪ್ಪ. ಪಾಠ ಬಿಡಬೇಡ. ಆದರೆ ನಿಯಮ ಬದಲಾಗಲೆಂದು ಕಾಯಲೂ ಬೇಡ. ನಿನ್ನ ಮಕ್ಕಳು ಕೇಳುವ ಪ್ರಶ್ನೆಗಳನ್ನೇ ಹಿಡಿದು ಬರೆಯತೊಡಗು."

ಅವನು ನಕ್ಕು ನಮಸ್ಕರಿಸಿ ಹೊರಟ. ಗೇಟಿನವರೆಗೆ ಹೋಗಿ ಬೀಳ್ಕೊಟ್ಟೆ. ಒಳ್ಳೆಯ ಮೇಷ್ಟ್ರಾಗು ಎಂದು ಹರಸಿದವನಿಗೆ, ಆ ಹರಕೆಯೇ ಶಿಷ್ಯನಿಗೆ ತೊಡಕಾಯಿತೆಂಬ ಅಳುಕು ಮಾತ್ರ ಇನ್ನೂ ಹೋಗಿಲ್ಲ.